ಗಂಗವ್ವನ ಸೋಮವಾರ

೨೦೨೨ರಲ್ಲಿ ನಾನು ಬೈಲಹೊಂಗಲದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸೀನಿಯರ್ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ಕೇಳಿ ಯಾರೂ ಮೋಸ ಹೋಗಬೇಡಿ. ನನ್ನ ಕೈಕೆಳಗೆ ಜೂನಿಯರ್ ಅಂತ ಒಬ್ಬನೂ ಇರಲಿಲ್ಲ. ಅಂಗಡಿ ನಡೆಯುತ್ತಿದ್ದದ್ದು ಎಎಂಸಿ ಮೇಲೆ. ಎಎಂಸಿ ಅಂದರೆ ವರ್ಷಕ್ಕೆ ಇಷ್ಟು ಅಂತ ಮಾತಾಡಿಕೊಂಡು ಗಿರಾಕಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕರಾರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲ್ಲೂಕುಗಳ ಸೊಸೈಟಿ, ಶಾಲೆ, ದವಾಖಾನೆ, ಗೊಬ್ಬರದ ಅಂಗಡಿ, ಎಲ್ಲಿ ಯಾವ ಡಬ್ಬಿ ಬಂದ್ ಬಿದ್ದರೂ ಫೋನು ನನಗೇ ಬರುತ್ತಿತ್ತು. ಕಿತ್ತೂರಿನಲ್ಲಿ ಒಂದು ಪ್ರಿಂಟರ್ ಬಿಚ್ಚಿ ಕೂತಿದ್ದಾಗ ರಾಮದುರ್ಗದವರು ಫೋನ್ ಮಾಡಿ, ಅಲ್ಲೇ ಪಕ್ಕದ ಓಣಿಯಲ್ಲಿ ಇದ್ದವನನ್ನು ಕರೆದಂತೆ, ಒಂದು ಐದು ನಿಮಿಷ ಬಂದು ಹೋಗ್ರಿ ಅನ್ನುತ್ತಿದ್ದರು. ಆ ಎರಡು ಊರುಗಳ ನಡುವೆ ಎಷ್ಟು ದಾರಿ ಇದೆ ಅನ್ನುವುದು ನನ್ನ ಬೆನ್ನಿಗೆ ಗೊತ್ತು.

ಆ ವರ್ಷದ ಶ್ರಾವಣದ ಹೊತ್ತಿಗೆ ನಾನು ಪೂರಾ ಸೋತು ಸುಣ್ಣವಾಗಿದ್ದೆ. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಕಿತ್ತುಹೋದ ರಸ್ತೆಗಳಲ್ಲಿ ಬೈಕ್ ಹೊಡೆದೂ ಹೊಡೆದೂ ಸೊಂಟ ಹಿಡಿದುಕೊಂಡಿತ್ತು. ಇಡೀ ದಿನ ಮಂದಿಗೆ ಅದೇ ಮಾತು ಹೇಳಿ ಹೇಳಿ, ಮನೆಗೆ ಬಂದ ಮೇಲೆ ಬಾಯಿ ತೆರೆಯಲು ಮನಸ್ಸಾಗುತ್ತಿರಲಿಲ್ಲ. ನನ್ನ ಹೆಂಡತಿ ಶೋಭಾ ತಟ್ಟೆಯ ಮುಂದೆ ಕೂತು ಒಂದಷ್ಟು ಮಾತಾಡಿ, ನಾನು ಹೂಂಗುಟ್ಟುವುದನ್ನು ಕೇಳಿ, ಎದ್ದು ಹೋಗುತ್ತಿದ್ದಳು. ದೀಪಾವಳಿ ದಾಟಿದ ಮೇಲೆ ಕೆಲಸ ಬಿಡುತ್ತೇನೆ ಅಂತ ಮಾಲೀಕರಿಗೆ ಹೇಳಿಯೂ ಬಿಟ್ಟಿದ್ದೆ. ಅವರು ನಂಬಲಿಲ್ಲ. ಹಿಂದಿನ ವರ್ಷವೂ ಹೇಳಿದ್ದೆ.

ಅಂಥ ಒಂದು ಮಂಗಳವಾರ ಮಾಲೀಕರು ನನ್ನನ್ನು ನೇಸರಗಿ ಹತ್ತಿರದ ಒಂದು ಹಳ್ಳಿಗೆ ಕಳಿಸಿದರು. ಕರಾರಿಲ್ಲದ ಮನೆ, ಒಂದೇ ಒಂದು ಹಳೆಯ ಡೆಸ್ಕ್‌ಟಾಪ್. ಮನೆಯ ಯಜಮಾನರು ಶಿವಬಸಪ್ಪನವರು. ಸವದತ್ತಿ, ರಾಮದುರ್ಗ ಕಡೆಯ ಕೋರ್ಟ್ ಕಚೇರಿಗಳಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ನಮ್ಮ ಮಾಲೀಕರ ತಂದೆಗೆ ಬಹಳ ಬೇಕಾದವರಂತೆ. ಗಂಟಲಲ್ಲಿ ಕ್ಯಾನ್ಸರ್ ಆಗಿ, ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಬರೆದದ್ದನ್ನು ಕಂಪ್ಯೂಟರ್ ಓದಿ ಹೇಳುವ ಹಾಗೆ ಏನಾದರೂ ಮಾಡಿಕೊಟ್ಟು ಬಾ ಅಂದರು ಮಾಲೀಕರು. ಅದಕ್ಕೆ ಮೊಬೈಲ್ ಸಾಕಲ್ಲ ಅಂತ ಗೊಣಗುತ್ತಲೇ ಹೋದೆ.

ಹಳೆಯ ಕಾಲದ ದೊಡ್ಡ ಮನೆ. ಬಾಗಿಲ ಪಕ್ಕದ ಮೇವಿನ ಗೋದಲಿಯ ಮುಂದೆ ಎರಡು ಎತ್ತು ಮೆಲುಕು ಹಾಕುತ್ತಿದ್ದವು. ಶಿವಬಸಪ್ಪನವರು ಪಡಸಾಲೆಯಲ್ಲಿ ಕೊರಳಿಗೆ ಬಿಳಿ ವಸ್ತ್ರ ಕಟ್ಟಿಕೊಂಡು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ನೆಟ್ಟಗೆ ಕೂತಿದ್ದರು. ಕೈಯಲ್ಲಿ ಮಕ್ಕಳ ಪಾಟಿ ಇತ್ತು. ನನ್ನನ್ನು ನೋಡಿದ ಕೂಡಲೇ ಅದರ ಮೇಲೆ ಮುತ್ತಿನಂಥ ಅಕ್ಷರದಲ್ಲಿ 'ಆಸೀನರಾಗಿ' ಅಂತ ಬರೆದು ತೋರಿಸಿದರು. ಅವರ ಹೆಂಡತಿ ಗಂಗವ್ವ ಒಳಗಿಂದ ಚಹಾ ತಂದು, ಕುಡೀರಿ ಯಪ್ಪಾ, ಬಿಸಲಾಗ ಬಂದೀರಿ ಅಂದರು. ನಾನು ಅವರನ್ನೇ ಕೇಳಿದೆ, ಮೊಬೈಲ್ ಇಲ್ಲವೇ ಅಂತ.

ಮೊಬೈಲ್ ಇತ್ತು. ರಾಮದುರ್ಗಕ್ಕೆ ಕೊಟ್ಟ ಮಗಳು ಒಳ್ಳೆಯದನ್ನೇ ತಂದುಕೊಟ್ಟು, ಬರೆದದ್ದನ್ನು ಓದುವ ಆ್ಯಪ್ ಕೂಡ ಹಾಕಿಕೊಟ್ಟು ಹೋಗಿದ್ದಳು. ಆದರೆ ಶಿವಬಸಪ್ಪನವರ ದಪ್ಪ ಬೆರಳಿಗೆ ಆ ಪುಟ್ಟ ಅಕ್ಷರಗಳು ಸಿಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಅಡ್ಡಿ ಬೇರೆಯೇ ಇತ್ತು. ಮೊಬೈಲ್ ಮಾತಾಡುತ್ತಿದ್ದದ್ದು ಹೆಂಗಸಿನ ದನಿಯಲ್ಲಿ.

"ಯಾವಾಕಿನೋ ಏನೋ. ಅಕಿ ಬಾಯಿಲೆ ನನ್ನ ಗಂಡನ ಮಾತ ನಾ ಯಾಕ ಕೇಳ್ಲಿ?" ಅಂದರು ಗಂಗವ್ವ.

ನನಗೆ ನಗು ಬಂತು, ಶಿವಬಸಪ್ಪನವರು ನಗಲಿಲ್ಲ. ಗಂಗವ್ವ ನೀರು ತರಲು ಒಳಗೆ ಹೋದ ಹೊತ್ತಿನಲ್ಲಿ ಪಾಟಿ ಒರೆಸಿ ಒರೆಸಿ ತಮ್ಮ ಸಂಕಟವನ್ನೆಲ್ಲ ನನಗೆ ಬರೆದು ತೋರಿಸಿದರು. ಗಂಗವ್ವನಿಗೆ ಓದು ಬರಹ ಬರುವುದಿಲ್ಲ. ನೀರು, ಚಹಾ, ಊಟ ಇವೆಲ್ಲ ಸನ್ನೆಯಲ್ಲಿ ಮುಗಿಯುತ್ತವೆ. ಬೇರೆ ಏನೇ ಹೇಳಬೇಕಾದರೂ ಇವರು ಪಾಟಿಯ ಮೇಲೆ ಬರೆಯಬೇಕು, ಪಕ್ಕದ ಮನೆಯ ಸೊಸೆ ನೀಲವ್ವ ಬಂದು ಗಂಗವ್ವನಿಗೆ ಓದಿ ಹೇಳಬೇಕು. ನೀಲವ್ವ ಬಹಳ ಒಳ್ಳೆಯ ಹೆಣ್ಣುಮಗಳು. ಅದೇ ತೊಂದರೆ. ಆಪರೇಷನ್ ಆದ ಮೇಲೆ ಕರೆಂಟ್ ಕೊಡಬೇಕು ಅಂತ ಡಾಕ್ಟರು ಹೇಳಿದ್ದರು. ರೇಡಿಯೇಷನ್‌ಗೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ಗಣೇಶನ ಹಬ್ಬ ಮುಗಿದ ಕೂಡಲೇ ಹುಬ್ಬಳ್ಳಿಗೆ ಹೋಗಿ ದಿನಾ ಅದನ್ನು ತೆಗೆದುಕೊಳ್ಳಬೇಕಿತ್ತು. ಶಿವಬಸಪ್ಪನವರು ಪಾಟಿಯ ಮೇಲೆ 'ನಾನು ಹೋಗುವುದಿಲ್ಲ, ಸಾಕಾಗಿದೆ' ಅಂತ ಬರೆದರೆ, ಅದನ್ನು ಓದಿ ಹೇಳಲು ನೀಲವ್ವನಿಗೆ ಬಾಯಿ ಬರುತ್ತಿರಲಿಲ್ಲ. ಅಜ್ಜಾರು ನೋಡೂನು ಅಂತಾರ ಅಂತ ಓದಿಬಿಡುತ್ತಿದ್ದಳು. ಗಂಗವ್ವ ಗಂಡ ಒಪ್ಪಿದ್ದಾರೆ ಅಂದುಕೊಂಡು ಹುಬ್ಬಳ್ಳಿಯಲ್ಲಿ ಇಳಿದುಕೊಳ್ಳಲು ಮನೆಯನ್ನೂ ಗೊತ್ತು ಮಾಡಿದ್ದರು.

'ನನ್ನ ಹೆಂಡತಿಯ ಹತ್ತಿರ ನಾನೇ ಮಾತಾಡಬೇಕು. ನಡುವೆ ಯಾರೂ ಬೇಡ' ಅಂತ ಕೊನೆಗೆ ಬರೆದರು. ಸೀಮೆಸುಣ್ಣದ ಪುಡಿ ಧೋತರದ ಮೇಲೆಲ್ಲ ಉದುರಿತ್ತು. ನಾನು ಅಲ್ಲಿಯತನಕ ಗೊಣಗಿದ್ದನ್ನೆಲ್ಲ ನುಂಗಿಕೊಂಡು ಕಂಪ್ಯೂಟರ್ ಎಲ್ಲಿದೆ ಅಂತ ಕೇಳಿದೆ.

ಅದು ದೇವರ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿತ್ತು. ನಿವೃತ್ತಿಯ ಮೇಲೆ ಊರವರ ಅರ್ಜಿಗಳನ್ನು ಟೈಪ್ ಮಾಡಿಕೊಡಲು ತಂದದ್ದು. ಮೇಲೆ ಕಸೂತಿಯ ವಸ್ತ್ರ, ಸಿಪಿಯು ಡಬ್ಬಿಗೆ ಮೂರು ಬೆರಳಿನ ವಿಭೂತಿ. ಒಳಗೆ ಹಳೆಯ ಕಾಲದ ಲಿನಕ್ಸ್ ಇತ್ತು. ವಿಂಡೋಸ್‌ನ ಹಾಗೆ ಇದೂ ಒಂದು ಆಪರೇಟಿಂಗ್ ಸಿಸ್ಟಂ, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ. ಟೈಪ್‌ರೈಟರಿನ ಕೀಲಿಗಳ ಕ್ರಮದಲ್ಲೇ ಕನ್ನಡ ಮೂಡುವ ಏರ್ಪಾಟನ್ನು ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟಿದ್ದರು. ಆದರೆ ಈ ಯಂತ್ರ ಎಷ್ಟು ಹಳೆಯದೆಂದರೆ, ಬಟನ್ ಒತ್ತಿ ಹೊಸ ತಂತ್ರಾಂಶ ಹಾಕಿಕೊಳ್ಳುವ ಕಿಟಕಿ ತೆರೆಯಲೇ ಇಲ್ಲ. ಅದಕ್ಕೆ ಬೇಕಾದ ಕಡತಗಳನ್ನು ಒದಗಿಸುವುದನ್ನು ಜಗತ್ತು ಎಂದೋ ನಿಲ್ಲಿಸಿಬಿಟ್ಟಿತ್ತು. ಉಳಿದದ್ದು ಒಂದೇ ದಾರಿ. ಅಂಗಡಿಯಲ್ಲಿ ಎಲ್ಲವನ್ನೂ ಡೌನ್‌ಲೋಡ್ ಮಾಡಿ, ಪೆನ್‌ಡ್ರೈವ್‌ನಲ್ಲಿ ತಂದು, ಕಮಾಂಡ್ ಲೈನ್‌ನಲ್ಲಿ ಕೈಯಾರೆ ಹಾಕುವುದು. ಕಮಾಂಡ್ ಲೈನ್ ಅಂದರೆ ಕಪ್ಪು ಪರದೆ. ಅಲ್ಲಿ ಚಿತ್ರವಿಲ್ಲ, ಮೌಸ್ ನಡೆಯುವುದಿಲ್ಲ. ಹುಕುಂ ಟೈಪ್ ಮಾಡಬೇಕು, ಯಂತ್ರ ಅದನ್ನು ಪಾಲಿಸುತ್ತದೆ ಇಲ್ಲವೆ ಬೈಯುತ್ತದೆ.

ಗುರುವಾರ ಮತ್ತೆ ಹೋದೆ. ನಾನು ತಂದದ್ದು ಪುಕ್ಕಟೆ ಸಿಗುವ ಒಂದು ಮಾತಾಡುವ ತಂತ್ರಾಂಶದ ಸೋರ್ಸ್ ಕೋಡ್. ಸಿದ್ಧ ತಂತ್ರಾಂಶ ಬುಟ್ಟಿಯಲ್ಲಿಟ್ಟ ರೊಟ್ಟಿಯಾದರೆ ಸೋರ್ಸ್ ಕೋಡ್ ಜೋಳದ ಹಿಟ್ಟು. ಆಯಾ ಮನೆಯ ಒಲೆಯ ಮೇಲೆಯೇ ಬಡಿದು ಬೇಯಿಸಿಕೊಳ್ಳಬೇಕು. ಹಾಗೆ ಬೇಯಿಸುವುದಕ್ಕೆ ಕಂಪೈಲ್ ಮಾಡುವುದು ಅನ್ನುತ್ತಾರೆ. ಅದಕ್ಕೆ ಬೇರೆ ಕೆಲವು ಕಡತಗಳು ಮೊದಲೇ ಇರಬೇಕು. ಅವಕ್ಕೆ ಡಿಪೆಂಡೆನ್ಸಿ ಅಂತ ಹೆಸರು. ಒಂದನ್ನು ಹಾಕಲು ಹೋದರೆ ಅದು ಇನ್ನೊಂದನ್ನು ಕೇಳುತ್ತದೆ, ಇನ್ನೊಂದು ಮತ್ತೊಂದನ್ನು. ಮದುವೆಗೆ ಕರೆಯಲು ಹೋದಾಗ ನಮ್ಮ ಅಳಿಯಂದಿರಿಗೆ ಹೇಳಿದಿರಾ, ಅವರ ಅಣ್ಣಂದಿರಿಗೆ ಹೇಳಿದಿರಾ ಅಂತ ಶುರುವಾಗುತ್ತದಲ್ಲ, ಹಾಗೆ. ಎಲ್ಲವನ್ನೂ ತಂದಿದ್ದೇನೆ ಅಂದುಕೊಂಡಿದ್ದೆ. ಧ್ವನಿಗೆ ಸಂಬಂಧಿಸಿದ ಒಂದು ಕಡತ ಉಳಿದೇ ಹೋಗಿತ್ತು. ಆ ಮನೆಯಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲುತ್ತಿರಲಿಲ್ಲ. ನೇಸರಗಿ ಬಸ್ ನಿಲ್ದಾಣದ ತನಕ ಹೋಗಿ, ಕಟ್ಟೆಯ ಮೇಲೆ ಕೂತು, ಮೊಬೈಲಿಗೆ ಇಳಿಸಿಕೊಂಡು ಬಂದೆ.

ಅದನ್ನೂ ಹಾಕಿ ಕಂಪೈಲ್ ಶುರು ಮಾಡಿದರೆ ಯಂತ್ರ ಬೇರೆಯೇ ರಾಗ ತೆಗೆಯಿತು. ಈ ಕಡತಗಳು ಮುಂದಿನ ಕಾಲದವು, ಇವನ್ನು ನಾನು ನಂಬುವುದಿಲ್ಲ ಅನ್ನುವ ಅರ್ಥದ ಸಾಲುಗಳು ಒಂದರ ಹಿಂದೆ ಒಂದು ಇಳಿದವು. ತಾರೀಕು ಕೇಳುವ ಹುಕುಂ ಕೊಟ್ಟೆ. ಆ ಯಂತ್ರದ ಪ್ರಕಾರ ಅದಿನ್ನೂ ಹುಟ್ಟಿದ ವರ್ಷದಲ್ಲೇ ಇತ್ತು. ಕಂಪ್ಯೂಟರ್ ಬಂದಾದಾಗಲೂ ಗಡಿಯಾರ ನಡೆಯಲಿ ಅಂತ ಒಳಗೆ ಅಂಗಿಯ ಗುಂಡಿಯಂಥ ಒಂದು ಸೆಲ್ ಇರುತ್ತದೆ. ಅದು ಸತ್ತಿತ್ತು. ವಯಸ್ಸಾಗಿದೆ, ಸತ್ತಿದೆ ಅಂದುಕೊಂಡೆ. ಮತ್ತೆ ನೇಸರಗಿಗೆ ಹೋಗಿ ಗಡಿಯಾರ ರಿಪೇರಿಯವರ ಹತ್ತಿರ ಹೊಸ ಸೆಲ್ ತಂದು ಕೂರಿಸಿ, ತಾರೀಕು ಸರಿ ಮಾಡಿ, ಮೊದಲಿನಿಂದ ಶುರು ಮಾಡಿದೆ. ಆ ಕುರ್ಚಿಗೆ ಒಂದು ಕಾಲು ಗಿಡ್ಡ ಇತ್ತು. ಸೊಂಟ ಬೆಂಕಿಯಾಗಿತ್ತು. ಈ ಕಸುಬು ಸಾಕಪ್ಪಾ ಸಾಕು ಅಂತ ನೂರನೇ ಸಲ ಅಂದುಕೊಂಡೆ. ಶಿವಬಸಪ್ಪನವರು ಮಾತ್ರ ಹೊಸ್ತಿಲಲ್ಲಿ ಕೂತು, ಪರದೆಯ ಮೇಲೆ ಇಳಿಯುವ ಸಾಲುಗಳನ್ನು ತೀರ್ಪಿಗೆ ಕಾದ ಕಕ್ಷಿದಾರನ ಹಾಗೆ ನೋಡುತ್ತಿದ್ದರು.

ಸಂಜೆಗೆ ಮುಂಚೆ ಮುಗಿಯಿತು. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಓದುವಂತೆ ಸಣ್ಣ ಏರ್ಪಾಟು ಮಾಡಿದೆ. ಕಪ್ಪು ಪರದೆಯ ಮೇಲೆ ಕನ್ನಡದ ಒತ್ತಕ್ಷರಗಳು ಒಡೆದೊಡೆದು ಕಾಣುತ್ತಿದ್ದವು. ಪರವಾಗಿಲ್ಲ, ಟೈಪಿಸ್ಟ್ ಆದವರು ಪರದೆ ನೋಡುವುದಿಲ್ಲ. ಆದರೆ ದನಿಯನ್ನು ಹದ ಮಾಡಬೇಕಿತ್ತು. ದನಿಯ ಎತ್ತರಕ್ಕೆ ಒಂದು ಅಂಕಿ, ಮಾತಿನ ವೇಗಕ್ಕೆ ಒಂದು ಅಂಕಿ ಹುಕುಮಿನ ಜೊತೆಯಲ್ಲೇ ಕೊಡಬೇಕು. ಶಿವಬಸಪ್ಪನವರ ದನಿ ಹೇಗಿತ್ತು ಅಂತ ನನಗೆ ಗೊತ್ತಿಲ್ಲ. ಗೊತ್ತಿದ್ದವರನ್ನೇ ಕರೆದೆ. ಗಂಗವ್ವ ಬಾಗಿಲ ಬಳಿ ನಮಗೆ ಬೆನ್ನು ಮಾಡಿ ನಿಂತು ಕೇಳುತ್ತಾ ಹೋದರು. ಇನ್ನಾ ಇಳೀಲಿ ಅಂದರು, ಇಳಿಸಿದೆ. ಇಷ್ಟ ಅಲ್ಲ, ಇನ್ನಾ ಅಂದರು.

"ಅವರು ಹಿಂಗ ಬಡಬಡ ಮಾತಾಡಾಂಗಿಲ್ರಿ. ಒಂದ ಮಾತ ಆಡಿ, ಎಲಿ ಅಡಕಿ ಜಗದು, ಆಮ್ಯಾಲೆ ಇನ್ನೊಂದು."

ವೇಗವನ್ನು ಅಷ್ಟು ಕಡಿಮೆ ಮಾಡಿದೆ. ಡಬ್ಬಿಯೊಳಗಿನ ದನಿ ಕೊನೆಗೂ ಡಬ್ಬಿಯ ದನಿಯೇ, ಗೊಗ್ಗರು ಗೊಗ್ಗರು. ಆದರೂ ಗಂಗವ್ವ ತಿರುಗಿ ನಿಂತು, ಸ್ವಲ್ಪ ಹಂಗ ಐತಿ, ನೆಗಡಿ ಬಂದಾಗಿನ ದನಿ ಅಂದರು. ನಾನು ಎದ್ದು ಶಿವಬಸಪ್ಪನವರಿಗೆ ಕುರ್ಚಿ ಬಿಟ್ಟುಕೊಟ್ಟೆ.

ಅವರು ಕೈ ಉಜ್ಜಿಕೊಂಡು, ಬೆರಳುಗಳನ್ನು ಕೀಲಿಗಳ ಮೇಲಿಟ್ಟು, ಒಂದೇ ಉಸಿರಿನಲ್ಲಿ ಪಟಪಟ ಹೊಡೆದು ಎಂಟರ್ ಒತ್ತಿದರು. ಯಂತ್ರ ನಿಧಾನವಾಗಿ, ಗಂಭೀರವಾಗಿ ಓದಿತು: "ಈ ಮೂಲಕ ನಿನಗೆ ತಿಳಿಯಪಡಿಸುವುದೇನೆಂದರೆ, ಸದರಿ ಚಿಕಿತ್ಸೆಯ ವಿಷಯವಾಗಿ ನನ್ನ ಅಸಮ್ಮತಿಯನ್ನು ಈಗಾಗಲೇ ಲಿಖಿತವಾಗಿ ಸಲ್ಲಿಸಿರುತ್ತೇನೆ."

ಗಂಗವ್ವ ನನ್ನ ಮುಖ ನೋಡಿದರು. "ಯಾರ ಮ್ಯಾಲೆ ಕೇಸ್ ಹಾಕ್ಯಾರ್ರೀ?"

ನಾನು ನಗು ತಡೆದುಕೊಂಡೆ. ಪಾಪ, ಅವರ ತಪ್ಪೇನಿಲ್ಲ. ಆಯುಷ್ಯವೆಲ್ಲ ಆ ಬೆರಳುಗಳು ಕೋರ್ಟಿನ ಕನ್ನಡವನ್ನೇ ಹೊಡೆದಿದ್ದವು. ಮನೆಯ ಮಾತನ್ನು ಬಾಯಿ ಆಡುತ್ತಿತ್ತು, ಬೆರಳಿಗೆ ಅದರ ರೂಢಿಯೇ ಇರಲಿಲ್ಲ. ಮಾತಾಡುವ ಹಾಗೇ ಹೊಡೀರಿ ಕಾಕಾರ, ಅವ್ವಾರ ಜೋಡಿ ಹೆಂಗ ಮಾತಾಡ್ತಿದ್ದಿರಿ ಹಂಗ ಅಂದೆ. ಅವರು ಕೀಲಿಗಳಿಂದ ಕೈ ಎತ್ತಿ ಮತ್ತೊಮ್ಮೆ ಉಜ್ಜಿಕೊಂಡರು. ಆಮೇಲೆ ಹೊಸದಾಗಿ ಕಲಿಯುವವರ ಹಾಗೆ ಒಂದೊಂದೇ ಕೀಲಿ ಹುಡುಕಿ ಒತ್ತಿದರು.

"ಗಂಗಿ, ಉಂಡಿ?"

ಗಂಗವ್ವ ಇದ್ದಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಸೆರಗು ಬಾಯಿಗೆ ಹೋಯಿತು. ಸ್ಪೀಕರನ್ನು ನೋಡಲಿಲ್ಲ, ಗಂಡನನ್ನೇ ನೋಡಿ, "ಇನ್ನಾ ಇಲ್ರಿ. ನಿಮ್ದಾಗ್ಲಿ ಅಂತ ಕುಂತೇನಿ" ಅಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಶಿವಬಸಪ್ಪನವರೂ ಕೈಯಿಂದ ಬಾಗಿಲ ಕಡೆ ಸನ್ನೆ ಮಾಡಿದರು. ಹೊರಗೆ ಹೋಗಿ ಎತ್ತುಗಳ ಎದುರಿನ ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಆ ಗೊಗ್ಗರು ದನಿ ನಿಂತು ನಿಂತು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಆಗಾಗ ಹುಬ್ಬಳ್ಳಿ ಅನ್ನುವುದೊಂದು ಕಿವಿಗೆ ಬೀಳುತ್ತಿತ್ತು.

ಚೀಲ ತೆಗೆದುಕೊಳ್ಳಲು ಒಳಗೆ ಹೋದಾಗ ಗಂಗವ್ವನ ಕಣ್ಣು ಕೆಂಪಗಾಗಿದ್ದವು. ಇಷ್ಟು ದಿನ ನೋಡೋಣ ಅನ್ನುತ್ತಾರೆ ಅಂದುಕೊಂಡಿದ್ದೆ, ಬರೋದೇ ಇಲ್ಲ ಅಂತಾರಲ್ಲ ಅಂದರು. ಎರಡು ದಿನ ಒದ್ದಾಡಿ ಒಬ್ಬ ಮನುಷ್ಯನಿಗೆ ದನಿ ತಂದುಕೊಟ್ಟಿದ್ದೆ, ಆ ದನಿ ಆಡಿದ ಮೊದಲ ದೊಡ್ಡ ಮಾತು ನಾನು ಸಾಯುತ್ತೇನೆ ಬಿಡು ಅನ್ನುವಂಥದ್ದು. ಬೈಲಹೊಂಗಲಕ್ಕೆ ವಾಪಸ್ ಬರುವ ದಾರಿಯುದ್ದಕ್ಕೂ ಕೆಲಸ ಕೆಡಿಸಿ ಬಂದವನ ಹಾಗೆ ಅನಿಸುತ್ತಿತ್ತು.

ಮುಂದಿನ ಮಂಗಳವಾರ ಬೆಳಿಗ್ಗೆ ಕಿತ್ತೂರಿಗೆ ಹೊರಟಿದ್ದೆ. ನೀಲವ್ವನ ಫೋನ್ ಬಂತು. ಕಂಪ್ಯೂಟರ್ ಕಪ್ಪಗಾಗಿ ನಿಂತಿದೆ, ಈಗಲೇ ಬರಬೇಕಂತೆ, ಇವತ್ತೇ ಆಗಬೇಕಂತೆ ಅಂದಳು. ಹಿಂದಿನ ದಿನ ರಾಮದುರ್ಗಕ್ಕೆ ಹೋಗಿ ಬಂದಿದ್ದೆ, ಮೈಯಲ್ಲಿ ಜೀವವಿರಲಿಲ್ಲ. ನಾಳೆ ಬರ್ತೇನಿ ಅನ್ನಬೇಕು ಅಂತ ಬಾಯಿ ತೆರೆದೆ. ಯಾಕೋ ಅನ್ನಲಾಗಲಿಲ್ಲ. ಕಿತ್ತೂರಿನವರಿಗೆ ಒಂದು ಸುಳ್ಳು ಹೇಳಿ ಬೈಕ್ ತಿರುಗಿಸಿದೆ.

ಪರದೆಯ ಮೇಲೆ ಇದ್ದದ್ದು ಕಪ್ಪು ಹಿನ್ನೆಲೆ, ನಾಲ್ಕಾರು ಬಿಳಿ ಸಾಲು. ಹಾರ್ಡ್ ಡಿಸ್ಕ್‌ನಲ್ಲಿ ಕಡತಗಳ ಜೋಡಣೆ ಕೆಟ್ಟಿದೆ, ಕೈಯಾರೆ ಸರಿಪಡಿಸದೆ ಮುಂದೆ ಹೋಗುವುದಿಲ್ಲ ಅನ್ನುತ್ತಿತ್ತು. ಕರೆಂಟ್ ಫಕ್ಕನೆ ಹೋದಾಗ ಹೀಗಾಗುತ್ತದೆ. ಕರೆಂಟ್ ಹೋಗಿತ್ತೇನ್ರಿ ಅಂತ ಕೇಳಿದೆ. ಇಲ್ಲ, ನಾನೇ ಪ್ಲಗ್ ಕಿತ್ತಿದ್ದೆ ಅಂದರು ಗಂಗವ್ವ, ಅದರಲ್ಲೇನು ವಿಶೇಷ ಅನ್ನುವ ಹಾಗೆ.

"ಸೋಮಾರ ನಮ್ಮನ್ಯಾಗ ಏನೂ ಹೂಡಾಂಗಿಲ್ರಿ."

ನಮ್ಮ ಭಾಗದಲ್ಲಿ ಸೋಮವಾರ ಎತ್ತಿಗೆ ನೊಗ ಹೊರಿಸುವುದಿಲ್ಲ. ಬಸವಣ್ಣನ ವಾರ, ಅಂದು ಎತ್ತಿಗೆ ಮೈತೊಳೆದು ಬಿಡುತ್ತಾರೆ. ಇದು ನನಗೂ ಗೊತ್ತು, ನಾನೂ ಇದೇ ಮಣ್ಣಿನವನು. ಆದರೆ ಕಂಪ್ಯೂಟರನ್ನೂ ಆ ಲೆಕ್ಕಕ್ಕೆ ಸೇರಿಸುತ್ತಾರೆ ಅಂತ ನನ್ನ ತಲೆಗೆ ಹೊಳೆದಿರಲಿಲ್ಲ. ಅದು ಮನೆಗೆ ಬಂದ ದಿನದಿಂದಲೂ ಗಂಗವ್ವ ಭಾನುವಾರ ಸಂಜೆ ಪ್ಲಗ್ ಕಿತ್ತು, ಸೋಮವಾರ ಅದಕ್ಕೆ ವಿಭೂತಿ ಹಚ್ಚಿ, ಮಂಗಳವಾರ ಮತ್ತೆ ಹಾಕುತ್ತಿದ್ದರಂತೆ. ಆರು ದಿನ ದುಡಿದ ಮೇಲೆ ಅದೂ ಒಂದು ಜೀವ ಅಲ್ಲೇನ್ರಿ ಅಂದರು. ಹಿಂದೆ ಬಂದಾಗ ಗಡಿಯಾರದ ಸೆಲ್ ಸತ್ತಿದ್ದಕ್ಕೂ ಆಗ ಕಾರಣ ಸಿಕ್ಕಿತು. ಪ್ಲಗ್‌ನಿಂದ ಕರೆಂಟ್ ಬರುತ್ತಿರುವಾಗ ಆ ಸೆಲ್‌ಗೆ ಕೆಲಸವಿಲ್ಲ. ಕಿತ್ತಿಟ್ಟಾಗಲೆಲ್ಲ ಅದೊಂದೇ ಕೂತು ಕಾಲ ಎಣಿಸುತ್ತಿತ್ತು, ಎಣಿಸಿ ಎಣಿಸಿ ತೀರಿಹೋಗಿತ್ತು.

ನನಗೆ ಸಿಟ್ಟು ಬಂತು. ಯಂತ್ರ ಓಡುತ್ತಿರುವಾಗ ಪ್ಲಗ್ ಕಿತ್ತರೆ ಡಿಸ್ಕ್ ಹಾಳಾಗುತ್ತದೆ, ಇಷ್ಟು ದಿನ ಉಳಿದದ್ದೇ ದೊಡ್ಡದು, ಈಗ ಇದು ಎದ್ದೀತು ಅಂತ ನಾನು ಖಾತ್ರಿ ಕೊಡುವುದಿಲ್ಲ ಅಂತ ದೊಡ್ಡ ದನಿಯಲ್ಲೇ ಹೇಳಿದೆ. ಗಂಗವ್ವ ನಾನು ಮುಗಿಸುವ ತನಕ ಕಾದು ಅಂದರು:

"ಎತ್ತಿನ ಕೊಳ್ಳ ಹರ್ಯಾಕ ಒಂದ ಪದ್ಧತಿ ಇರತೈತಿ. ನೊಗ ಎಳದ ಒಗದ್ರ ಅದಕ್ಕೂ ಪೆಟ್ಟಾಗತೈತಿ. ಇದಕ್ಕೂ ಅಂಥಾದ ಪದ್ಧತಿ ಇದ್ರ ಹೇಳಿಕೊಡ್ರಿ, ಹಂಗ ಮಾಡತೇನಿ. ಸೋಮಾರ ಮಾತ್ರ ಹೂಡಾಂಗಿಲ್ಲ."

ಕೊಳ್ಳ ಹರಿಯುವುದು ಅಂದರೆ ದುಡಿದ ಎತ್ತಿನ ಕೊರಳಿಂದ ನೊಗ ಬಿಚ್ಚುವುದು. ಕುರ್ಚಿ ಎಳೆದುಕೊಂಡು ಕೂತೆ. ಡಿಸ್ಕ್ ತಪಾಸಣೆಯ ಹುಕುಂ ಕೊಟ್ಟೆ. ಅದು ಒಂದೊಂದೇ ಮುರುಕು ಹುಡುಕಿ, ಸರಿ ಮಾಡಲೇ ಅಂತ ಕೇಳುತ್ತದೆ. ಪ್ರತಿ ಸಲವೂ ಹೌದು ಅಂತ ಒತ್ತುತ್ತಾ ಕೂರಬೇಕು. ನಡುವೆ ಒಂದೆರಡು ಸಲ ಡಿಸ್ಕ್ ಕಟಕಟ ಅಂದಾಗ ನನ್ನ ಎದೆಯೂ ಹಾಗೇ ಅಂದಿತು. ಸತ್ತರೆ ಹೊಸ ಡಿಸ್ಕ್ ತರಿಸಿ, ಮೊದಲಿನಿಂದ ಎಲ್ಲ ಹಾಕಿ, ಒಂದು ವಾರದ ಮಾತು. ಇವತ್ತೇ ಆಗಬೇಕು ಅಂದದ್ದು ಯಾಕೆ ಅಂತ ಆಗ ನೆನಪಾಗಿ ಕೇಳಿದೆ.

ಗಂಗವ್ವ ಹೇಳಿದರು. ಗುರುವಾರದಿಂದ ಭಾನುವಾರದ ತನಕ ಶಿವಬಸಪ್ಪನವರು ಆ ಯಂತ್ರದ ಮುಂದೆ ಕೂತು ತಾವು ಯಾಕೆ ಹುಬ್ಬಳ್ಳಿಗೆ ಹೋಗುವುದಿಲ್ಲ ಅನ್ನುವುದನ್ನೇ ಹೇಳಿದರಂತೆ. ದನಿ ಹೋದ ಮೇಲೆ ತಾನು ಯಾರಿಗೂ ಬೇಡದವನು, ಇನ್ನು ಮೈ ಸುಡಿಸಿಕೊಂಡು ಯಾಕಿರಬೇಕು ಅಂತ. ಗಂಗವ್ವ ಒಂದು ಮಾತು ಅಂದರೆ ಅವರು ಕೋರ್ಟಿನಲ್ಲಿ ಕಲಿತ ವಾದ ತೆಗೆದು ನಾಲ್ಕು ಸಾಲು ಹೊಡೆಯುತ್ತಿದ್ದರು. ವಾದದಲ್ಲಿ ಗೆಲ್ಲಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಸೋಮವಾರ ಬಂತು.

"ಅವರ ದನೀದ ಕೊಳ್ಳ ಹರದಿತ್ತು. ಮುಂಜಾನಿಂದ ಸಂಜಿ ಮಟಾ ನಾ ಹೇಳಿದೆ, ಅವರು ಕೇಳಿದ್ರು. ನಿಮ್ಮ ದನಿ ಇಲ್ದಿದ್ರೂ ನನಗ ನಡೀತೈತಿ, ನೀವ ಇಲ್ದಿದ್ರ ನಡ್ಯಾಂಗಿಲ್ಲ. ಸುಮ್ನ ಕುಂತಿರ್ರಿ, ಅಷ್ಟ ಸಾಕು ಅಂದೆ."

ಶಿವಬಸಪ್ಪನವರು ಪಾಟಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲವಂತೆ. ಮಂಗಳವಾರ ಎದ್ದವರೇ ಹೆಂಡತಿಯ ಮುಂದೆ ಬಂದು ತಲೆ ಆಡಿಸಿದರು, ಹೋಗೋಣ ಅಂತ. ಗಂಗವ್ವ ಅದನ್ನು ಒಪ್ಪಲಿಲ್ಲ.

"ಒಲ್ಲೆ ಅಂದ ಬಾಯಿಲೇನ ಹೂಂ ಅನ್ಬೇಕ್ರಿ. ತಲಿ ಆಡಿಸಿದ್ದು ನಾಳಿ ಬ್ಯಾರೆ ಆಗತೈತಿ."

ಹಾಗೆ ಹೂಂ ಅನ್ನಿಸಲು ಪ್ಲಗ್ ಹಾಕಿದರೆ ಯಂತ್ರ ಏಳಲೇ ಇಲ್ಲ. ಅದಕ್ಕೇ ನನಗೆ ಫೋನ್. ನಾನು ಮತ್ತೆ ಪರದೆಯ ಕಡೆ ತಿರುಗಿದೆ. ಅಲ್ಲಿಯತನಕ ಕೈ ಯಾಂತ್ರಿಕವಾಗಿ ಒತ್ತುತ್ತಿತ್ತು, ಈಗ ಪ್ರತಿ ಸಾಲನ್ನೂ ಓದಿ ಒತ್ತತೊಡಗಿದೆ. ದೇವರನ್ನು ನೆನೆಯುವ ರೂಢಿ ನನಗೆ ಕಡಿಮೆ. ಅವತ್ತು ಡಬ್ಬಿಯ ಮೇಲಿದ್ದ ಆ ವಿಭೂತಿಯನ್ನು ಎರಡು ಸಲ ನೋಡಿದೆ. ಕೊನೆಗೆ ತಪಾಸಣೆ ಮುಗಿದು, ಯಂತ್ರ ತನ್ನಷ್ಟಕ್ಕೆ ತಾನೇ ಬಂದ್ ಆಗಿ, ಮತ್ತೆ ಎದ್ದಿತು. ಮಾತಾಡುವ ಹುಕುಂ ಇದ್ದಲ್ಲೇ ಇತ್ತು.

ಶಿವಬಸಪ್ಪನವರು ಕೂತರು. ಈ ಸಲ ಬೆರಳುಗಳು ಹುಡುಕಲಿಲ್ಲ.

"ಗಂಗಿ, ಗಣಪ್ಪ ಹೋದ ಮ್ಯಾಲೆ ಹುಬ್ಬಳ್ಳಿಗಿ ಹೋಗೂನು. ನೀ ಜೋಡಿ ಇರು."

ಗಂಗವ್ವ ಎದ್ದು ಒಳಗಿಂದ ನನಗೂ ಸೇರಿ ಮೂರು ತಟ್ಟೆ ತಂದು ಕಂಪ್ಯೂಟರಿನ ಪಕ್ಕದಲ್ಲೇ ಹಾಕಿದರು. ನಾನು ಬಗ್ಗಿ ಕೂತು, ಸಿಪಿಯು ಮುಂದಿನ ಪವರ್ ಗುಂಡಿಯನ್ನು ಒಮ್ಮೆ ಒತ್ತಿದರೆ ಯಂತ್ರ ಕ್ರಮವಾಗಿ ಎಲ್ಲ ಮುಚ್ಚಿಕೊಂಡು ಬಂದ್ ಆಗುವಂತೆ ಏರ್ಪಾಟು ಮಾಡಿದೆ. ಭಾನುವಾರ ಸಂಜೆ ಇದನ್ನು ಒತ್ತಿ, ಈ ದೀಪ ಆರಿದ ಮೇಲೆ ಪ್ಲಗ್ ಕೀಳ್ರಿ, ಇದೇ ಇದರ ಕೊಳ್ಳ ಹರಿಯುವ ಪದ್ಧತಿ ಅಂತ ಗಂಗವ್ವನಿಗೆ ಹೇಳಿಕೊಟ್ಟೆ. ಊಟದ ಹೊತ್ತಿನಲ್ಲಿ ಚೇಷ್ಟೆಗೆ ಕೇಳಿದೆ, ಸೋಮವಾರ ಕಾಕಾರೇ ಏನಾದರೂ ಹೇಳಬೇಕು ಅಂದರೆ ಹೇಗೆ ಅಂತ. ಸೋಮವಾರ ನನ್ನ ಪಾಳಿ ಅಂದರು ಗಂಗವ್ವ. ಶಿವಬಸಪ್ಪನವರು ಉಣ್ಣುವುದನ್ನು ನಿಲ್ಲಿಸಿ, ಎಡಗೈಯ ಒಂದೇ ಬೆರಳಿನಿಂದ ಏನೋ ಹೊಡೆದರು. ಯಂತ್ರ ತನ್ನ ನೆಗಡಿಯ ದನಿಯಲ್ಲಿ, ಮೊದಲೇ ನಿಧಾನ, ಒಂದಿಷ್ಟೂ ನಗದೆ ಹೇಳಿತು:

"ಮದಿವ್ಯಾದಾಗಿಂದ ದಿನಾ ಇಕೀದ ಪಾಳಿ."

ಅವರು ಹುಬ್ಬಳ್ಳಿಗೆ ಹೋದರು, ಕರೆಂಟ್ ಪೂರ್ತಿ ತೆಗೆದುಕೊಂಡು ಬಂದರು. ಬಹಳ ಇಳಿದುಹೋಗಿದ್ದರು, ಆಮೇಲೆ ಸುಧಾರಿಸಿದರು. ನೇಸರಗಿ ಕಡೆ ಹೋದಾಗ ಈಗಲೂ ಅವರ ಮನೆಗೆ ಹೋಗಿ ಚಹಾ ಕುಡಿದು ಬರುತ್ತೇನೆ. ನಾನು ಹಾಕಿದ ಸೆಲ್ ಇನ್ನೂ ನಡೆಯುತ್ತಿದೆ. ಈ ಕಸುಬು ನನಗೆ ಹುಕುಂಗಳನ್ನು ಬಹಳ ಕಲಿಸಿದೆ, ಅರ್ಧ ಮರೆತೂ ಹೋಗಿವೆ. ಆ ಮನೆಯಲ್ಲಿ ಕಲಿತದ್ದು ಒಂದೇ ಪ್ರಶ್ನೆ. ಹೊಸ ಜಾಗಕ್ಕೆ ಹೋದಾಗ ಯಂತ್ರ ಹೇಗೆ ಓಡುತ್ತಿದೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಯಾವಾಗ, ಯಾರು, ಹೇಗೆ ನಿಲ್ಲಿಸುತ್ತಾರೆ ಅಂತ ನಾನು ಈಗ ಮೊದಲು ಕೇಳುತ್ತೇನೆ. ಅರ್ಧ ರೋಗ ಅಲ್ಲೇ ಸಿಗುತ್ತದೆ.

ಆ ಮಂಗಳವಾರ ಸಂಜೆ ಮನೆಗೆ ಬಂದಾಗ ಶೋಭಾ ಎಂದಿನಂತೆ ಬಾಗಿಲು ತೆರೆದು ಒಳಗೆ ಹೊರಟಳು. ನನಗೆ ದೇವರು ಕೊಟ್ಟ ದನಿ ಇನ್ನೂ ಗಂಟಲಲ್ಲೇ ಇತ್ತು. ಕಂಪೈಲ್ ಮಾಡುವ ಕೆಲಸವಿಲ್ಲ, ಸೆಲ್ ಬದಲಿಸುವ ಕೆಲಸವಿಲ್ಲ. ಆದರೂ ಆ ಒಂದು ಮಾತು ಹೊರಡಿಸಲು ಹೊಸ್ತಿಲ ಮೇಲೆ ಒಂದು ಗಳಿಗೆ ನಿಲ್ಲಬೇಕಾಯಿತು.

"ಶೋಭಾ, ಉಂಡಿ?"

ಅವಳು ತಿರುಗಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು. "ಯಾಕ್ರಿ, ಜ್ವರ ಗಿರ ಬಂದಾವೇನು?"

ಇಲ್ಲ ಅಂದೆ. ಕೂತು ಗಂಗವ್ವನ ಕಥೆಯನ್ನೆಲ್ಲ ಹೇಳಿದೆ, ರೊಟ್ಟಿ ಆರಿಹೋಯಿತು. ಆ ದೀಪಾವಳಿಗೆ ನಾನು ಕೆಲಸ ಬಿಡಲಿಲ್ಲ. ಮಾಲೀಕರ ಹತ್ತಿರ ಒಂದೇ ಒಂದು ಮಾತು ಗಟ್ಟಿ ಮಾಡಿಕೊಂಡೆ, ವಾರದಲ್ಲಿ ಒಂದು ದಿನ ನನ್ನ ಫೋನ್ ಬಂದ್ ಇರುತ್ತದೆ. ಅವತ್ತು ಮನೆಯಲ್ಲಿ ಶೋಭಾಳ ಪಾಳಿ.